ಒಂದಕ್ಕೆ ಒಂದು ಸೇರಿದರೆ ಎರಡಾದೀತೇ?
ಎರಡು ಗ್ರಾಫಿಕ್ಸ್ ಕಾರ್ಡುಗಳ ಲೆಕ್ಕಾಚಾರ

ಕೋಲಾರ ತಾಲ್ಲೂಕಿನ ವೇಮಗಲ್‌ನಲ್ಲಿರುವ ನಮ್ಮ ಮನೆಗೆ ಒಂದು ಭಾನುವಾರ ಬಿ.ಎಸ್‌ಸಿ. ಓದುತ್ತಿರುವ ಹುಡುಗನೊಬ್ಬ ಬಂದ. ಅವನ ಮನೆಯಲ್ಲಿ ಆಟಗಳಿಗೆಂದೇ ಜೋಡಿಸಿದ ಕಂಪ್ಯೂಟರ್ ಇದೆ. ಅದರಲ್ಲಿ 2016ರಲ್ಲಿ ಬಿಡುಗಡೆಯಾದ ಜಿಟಿಎಕ್ಸ್ 1080 ಎಂಬ ಗ್ರಾಫಿಕ್ಸ್ ಕಾರ್ಡು ಕೂತಿದೆ. "ಸರ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥದೇ ಹಳೆಯ ಕಾರ್ಡೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಎರಡನ್ನೂ ಜೋಡಿಸಿದರೆ ಆಟದ ವೇಗ ಎರಡರಷ್ಟಾಗುತ್ತೆ ಅಲ್ವಾ? ಈ ಸಲ ಟೊಮೆಟೊಗೆ ಬೆಲೆ ಸಿಕ್ಕಿತು, ಅಪ್ಪ ದುಡ್ಡು ಕೊಡ್ತೀನಿ ಅಂದಿದ್ದಾರೆ" ಎಂದ.

"ದುಡ್ಡು ಕೊಡೋದಕ್ಕೆ ಮೊದಲು ಒಂದಿಷ್ಟು ಲೆಕ್ಕ ಮಾಡೋಣ, ಕೂತ್ಕೋಪ್ಪ" ಎಂದೆ. ಅಂದು ನಾವಿಬ್ಬರೂ ಹಾಕಿದ ಲೆಕ್ಕವೇ ಈ ಲೇಖನ. ಇದರಲ್ಲಿ ಬಳಸಿರುವುದೆಲ್ಲ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಭೌತವಿಜ್ಞಾನವೇ. ಆದ್ದರಿಂದ ಶಿಕ್ಷಕರು ಇದನ್ನು ತರಗತಿಯಲ್ಲೂ ಉಪಯೋಗಿಸಬಹುದು.

ಗ್ರಾಫಿಕ್ಸ್ ಕಾರ್ಡಿನ ಕೆಲಸವೇನು?

ಪರದೆಯ ಮೇಲೆ ಚಲಿಸುವಂತೆ ಕಾಣುವುದೆಲ್ಲ ವಾಸ್ತವವಾಗಿ ಒಂದರ ಹಿಂದೆ ಒಂದರಂತೆ ಬರುವ ನಿಶ್ಚಲ ಚಿತ್ರಗಳು. ಇಂತಹ ಒಂದೊಂದು ಚಿತ್ರವನ್ನೂ ಫ್ರೇಮ್ ಎನ್ನುತ್ತಾರೆ. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಅಂದರೆ ಒಟ್ಟು 20 ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೆ 60 ಫ್ರೇಮ್‌ಗಳು ಬೇಕಾದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಮೀರಿದ ಚುಕ್ಕಿಗಳ ಬಣ್ಣವನ್ನು ನಿರ್ಧರಿಸಬೇಕು. ಒಂದು ಫ್ರೇಮ್‌ಗೆ ಸಿಗುವ ಕಾಲಾವಕಾಶ ಸುಮಾರು 16.7 ಮಿಲಿಸೆಕೆಂಡ್ ಮಾತ್ರ.

ಒಂದು ಚುಕ್ಕಿಯ ಬಣ್ಣದ ಲೆಕ್ಕ ಬಹುಮಟ್ಟಿಗೆ ಪಕ್ಕದ ಚುಕ್ಕಿಯನ್ನು ಅವಲಂಬಿಸಿರುವುದಿಲ್ಲ. ಹಾಗಾಗಿ ಈ ಕೆಲಸವನ್ನು ಅನೇಕ ಸಣ್ಣ ಲೆಕ್ಕಿಗರಿಗೆ ಹಂಚಿಬಿಡಬಹುದು. ಮೇಲೆ ಹೇಳಿದ ಕಾರ್ಡಿನಲ್ಲಿ ಅಂತಹ 2,560 ಗಣನ ಘಟಕಗಳಿವೆ. ಒಂದೇ ಕಾರ್ಡಿನೊಳಗೆ ಇಷ್ಟು ಸಲೀಸಾಗಿ ಹಂಚಿಹೋಗುವ ಕೆಲಸ ಎರಡು ಕಾರ್ಡುಗಳ ನಡುವೆ ಏಕೆ ಹಂಚಿಹೋಗಬಾರದು? ಹುಡುಗನ ಪ್ರಶ್ನೆಯ ತಿರುಳು ಇದು. ಪ್ರಶ್ನೆ ಸಹಜವಾದದ್ದೇ. ಒಂದು ಕಾಲದಲ್ಲಿ ತಯಾರಕರೂ ಹೀಗೆಯೇ ಯೋಚಿಸಿದ್ದರು.

ಜೋಡಿ ಕಾರ್ಡುಗಳ ಚರಿತ್ರೆ

1998ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿ ವೂಡೂ-2 ಎಂಬ ಕಾರ್ಡನ್ನು ಹೊರತಂದಿತು. ಇಂತಹ ಎರಡು ಕಾರ್ಡುಗಳನ್ನು ಒಂದೇ ಕಂಪ್ಯೂಟರಿನಲ್ಲಿ ಕೂಡಿಸಬಹುದಾಗಿತ್ತು. ಪರದೆಯ ಸಾಲುಗಳಲ್ಲಿ ಒಂದು ಕಾರ್ಡು ಸಮಸಂಖ್ಯೆಯವನ್ನೂ ಇನ್ನೊಂದು ಬೆಸಸಂಖ್ಯೆಯವನ್ನೂ ಬಿಡಿಸುತ್ತಿತ್ತು. ಈ ಏರ್ಪಾಡಿಗೆ ಎಸ್‌ಎಲ್‌ಐ ಎಂದು ಹೆಸರು. ಮುಂದೆ ಆ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ ಕೊಂಡುಕೊಂಡಿತು. 2004ರಲ್ಲಿ ಅದೇ ಎಸ್‌ಎಲ್‌ಐ ಎಂಬ ಹೆಸರನ್ನು ಬೇರೊಂದು ವಿಧಾನಕ್ಕೆ ಇಟ್ಟು ಮತ್ತೆ ಬಳಕೆಗೆ ತಂದಿತು. 2005ರಲ್ಲಿ ಎಟಿಐ ಕಂಪನಿ ಕ್ರಾಸ್‌ಫೈರ್ ಎಂಬ ಹೆಸರಿನಲ್ಲಿ ಇಂಥದೇ ಸೌಲಭ್ಯ ನೀಡಿತು.

ಹದಿನೈದು ವರ್ಷಗಳ ನಂತರ ಚಿತ್ರ ಬದಲಾಯಿತು. ಹಳೆಯ ಕಾರ್ಡುಗಳಿಗಾಗಿ ಎಸ್‌ಎಲ್‌ಐ ಹೊಂದಾಣಿಕೆಗಳನ್ನು 2021ರ ಜನವರಿಯಿಂದ ಹೊಸದಾಗಿ ಸೇರಿಸುವುದಿಲ್ಲವೆಂದು ಎನ್‌ವಿಡಿಯಾ 2020ರಲ್ಲಿ ತಿಳಿಸಿತು. ಆಟ ಬರೆಯುವವರೇ ತಮ್ಮ ತಂತ್ರಾಂಶದಲ್ಲಿ ಎರಡು ಕಾರ್ಡುಗಳಿಗೆ ಏರ್ಪಾಡು ಮಾಡಿದ್ದರೆ ಮಾತ್ರ ಉಪಯೋಗ ಎಂದಾಯಿತು. 2022ರಲ್ಲಿ ಬಂದ ಅದರ 40ನೆಯ ಶ್ರೇಣಿಯ ಆಟದ ಕಾರ್ಡುಗಳಲ್ಲಿ ಜೋಡಣೆಯ ಸಂಪರ್ಕವೇ ಇಲ್ಲ. ಮಾರಾಟಗಾರರೇ ಎರಡನೆಯ ಕಾರ್ಡನ್ನು ಮಾರುವ ಅವಕಾಶವನ್ನು ಕೈಬಿಟ್ಟರೆಂದರೆ ಅದಕ್ಕೆ ಬಲವಾದ ಕಾರಣ ಇರಲೇಬೇಕಲ್ಲವೇ? ಅದನ್ನು ಒಂದೊಂದಾಗಿ ನೋಡೋಣ.

ಕೀಳುವವರು ಮತ್ತು ತುಂಬುವವರು

ಟೊಮೆಟೊ ತೋಟವನ್ನು ನೆನೆದುಕೊಳ್ಳಿ. ಕೆಲವರು ಹಣ್ಣು ಕೀಳುತ್ತಾರೆ, ಒಬ್ಬರು ಆರಿಸಿ ಕ್ರೇಟಿಗೆ ತುಂಬುತ್ತಾರೆ. ತುಂಬುವವರ ಮುಂದೆ ಹಣ್ಣಿನ ರಾಶಿ ಬೆಳೆಯುತ್ತಿದ್ದರೆ ಇನ್ನೊಬ್ಬರನ್ನು ತುಂಬಲು ಕೂರಿಸುವುದು ಸರಿ. ತುಂಬುವವರೇ ಹಣ್ಣಿಗಾಗಿ ಕಾಯುತ್ತಿದ್ದರೆ? ಇನ್ನೊಬ್ಬರಿಗೆ ಕೂಲಿ ಕೊಟ್ಟದ್ದು ದಂಡ.

ಆಟದಲ್ಲಿಯೂ ಹೀಗೆಯೇ. ಪಾತ್ರಗಳು ಎಲ್ಲಿವೆ, ಯಾವುದಕ್ಕೆ ಯಾವುದು ಡಿಕ್ಕಿ ಹೊಡೆಯಿತು ಎಂಬುದನ್ನೆಲ್ಲ ಮುಖ್ಯ ಸಂಸ್ಕಾರಕ ಲೆಕ್ಕ ಹಾಕಿ, ಏನನ್ನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಕಳಿಸುತ್ತದೆ. ಕಾರ್ಡು ಒಂದು ಫ್ರೇಮ್ ಬಿಡಿಸುತ್ತಿರುವಾಗ ಸಂಸ್ಕಾರಕ ಮುಂದಿನದರ ಪಟ್ಟಿ ತಯಾರಿಸುತ್ತಿರುತ್ತದೆ. ಆದ್ದರಿಂದ ಇಬ್ಬರಲ್ಲಿ ನಿಧಾನವಾದವರ ವೇಗವೇ ಆಟದ ವೇಗ.

ಸಂಸ್ಕಾರಕಕ್ಕೆ ಒಂದು ಫ್ರೇಮ್‌ಗೆ 15 ಮಿಲಿಸೆಕೆಂಡ್, ಕಾರ್ಡಿಗೆ 20 ಮಿಲಿಸೆಕೆಂಡ್ ಬೇಕೆಂದು ಇಟ್ಟುಕೊಳ್ಳೋಣ. ಆಗ 20 ಮಿಲಿಸೆಕೆಂಡಿಗೆ ಒಂದು ಫ್ರೇಮ್, ಅಂದರೆ ಸೆಕೆಂಡಿಗೆ 50. ಎರಡನೆಯ ಕಾರ್ಡು ಬಂದು ಕೆಲಸ ಸಮಪಾಲಾಯಿತು ಎಂದರೆ ಕಾರ್ಡುಗಳ ಕಡೆಯಿಂದ 10 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಸಾಧ್ಯ. ಆದರೆ ಸಂಸ್ಕಾರಕ ಈಗಲೂ 15 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಫಲಿತಾಂಶ ಸೆಕೆಂಡಿಗೆ ಸುಮಾರು 67 ಫ್ರೇಮ್, 100 ಅಲ್ಲ. ಹಣ ಎರಡರಷ್ಟು, ಲಾಭ ಮೂರನೇ ಒಂದು ಭಾಗ. ಅದೂ ಹಂಚಿಕೆ ಪರಿಪೂರ್ಣವಾಗಿದ್ದರೆ.

ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಸಾರವೂ ಇಂಥದೇ. ಒಂದು ಕೆಲಸದಲ್ಲಿ ಹಂಚಲಾಗದ ಭಾಗ ಶೇಕಡ 10 ಇದ್ದರೆ, ಎರಡು ಯಂತ್ರಗಳಿಂದ ದೊರೆಯುವ ವೇಗವೃದ್ಧಿ 1.82 ಪಟ್ಟು. ಸಾವಿರ ಯಂತ್ರ ತಂದರೂ ಅದು 10 ಪಟ್ಟನ್ನು ದಾಟದು. ಹಂಚಲಾಗದ ಭಾಗ ಅರ್ಧದಷ್ಟಿದ್ದರೆ ಎರಡು ಯಂತ್ರಗಳಿಂದ 1.33 ಪಟ್ಟು ಮಾತ್ರ.

ಹಂಚಿಕೊಂಡವರು ಮಾತಾಡಿಕೊಳ್ಳಬೇಕು

ಎಸ್‌ಎಲ್‌ಐನಲ್ಲಿ ಹೆಚ್ಚಾಗಿ ಬಳಕೆಯಾದ ವಿಧಾನವೆಂದರೆ ಸರದಿಯ ಪ್ರಕಾರ ಒಂದು ಫ್ರೇಮ್ ಈ ಕಾರ್ಡಿಗೆ, ಮುಂದಿನದು ಆ ಕಾರ್ಡಿಗೆ. ಇದರಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು, ಪ್ರತಿ ಫ್ರೇಮ್ ಬಿಡಿಸಲು ಈಗಲೂ ಒಂದು ಕಾರ್ಡಿಗೆ 20 ಮಿಲಿಸೆಕೆಂಡೇ ಹಿಡಿಯುತ್ತದೆ. ಫ್ರೇಮ್‌ಗಳ ಸಂಖ್ಯೆ ಹೆಚ್ಚಿತೇ ಹೊರತು ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಅದರ ಪರಿಣಾಮ ಕಂಡದ್ದಕ್ಕೂ ನಡುವಿನ ಬಿಡಿಸುವ ಸಮಯ ಕಡಿಮೆಯಾಗಲಿಲ್ಲ. ಊರಿಗೆ ಬಸ್ಸುಗಳ ಸಂಖ್ಯೆ ಎರಡರಷ್ಟಾದರೆ ಕಾಯುವುದು ಕಡಿಮೆಯಾಗುತ್ತದೆ. ಪ್ರಯಾಣದ ಅವಧಿ ಅಷ್ಟೇ ಇರುತ್ತದೆ.

ಎರಡನೆಯದು, ಎರಡು ಕಾರ್ಡುಗಳ ಫ್ರೇಮ್‌ಗಳು ಸಮ ಅಂತರದಲ್ಲಿ ಬರಬೇಕು. ಒಂದು 2 ಮಿಲಿಸೆಕೆಂಡಿಗೆ, ಮುಂದಿನದು 18 ಮಿಲಿಸೆಕೆಂಡಿಗೆ, ಮತ್ತೆ 2, ಮತ್ತೆ 18 ಎಂದು ಬಂದರೆ ಸರಾಸರಿ 10 ಮಿಲಿಸೆಕೆಂಡ್. ಲೆಕ್ಕದಲ್ಲಿ ಸೆಕೆಂಡಿಗೆ 100 ಫ್ರೇಮ್. ಕಣ್ಣಿಗೆ ಮಾತ್ರ ಅದು ಸುಮಾರು 55ರಂತೆ ತಡವರಿಸುತ್ತಾ ಕಾಣುತ್ತದೆ. ಸರಾಸರಿ ಎಂಬ ಒಂದೇ ಸಂಖ್ಯೆಯನ್ನು ನಂಬಿದರೆ ಹೇಗೆ ಮೋಸ ಹೋಗುತ್ತೇವೆ ಎಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಒಳ್ಳೆಯ ಉದಾಹರಣೆ ಇದು.

ಮೂರನೆಯದೇ ಬಹಳ ಮುಖ್ಯವಾದದ್ದು. ಇಂದಿನ ಆಟಗಳು ಚಿತ್ರದ ಅಂಚುಗಳನ್ನು ನಯಗೊಳಿಸಲು ಹಿಂದಿನ ಫ್ರೇಮ್‌ನ ಮಾಹಿತಿಯನ್ನು ಉಪಯೋಗಿಸುತ್ತವೆ. ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡಿನಲ್ಲಿ! ಅದು ಮುಗಿದು, ಇಲ್ಲಿಗೆ ಬಂದು ತಲುಪುವವರೆಗೆ ಈ ಕಾರ್ಡು ಕಾಯಬೇಕು. ಇಬ್ಬರೂ ಒಟ್ಟಿಗೆ ದುಡಿಯುವ ಬದಲು ಒಬ್ಬರಾದ ಮೇಲೆ ಒಬ್ಬರು ದುಡಿದಂತಾಯಿತು.

ದತ್ತಾಂಶ ಸಾಗುವ ದಾರಿಯೂ ಕಿರಿದು. ಜಿಟಿಎಕ್ಸ್ 1080 ತನ್ನದೇ ಸ್ಮೃತಿಯಿಂದ ಸೆಕೆಂಡಿಗೆ 320 ಗಿಗಾಬೈಟ್ ಓದಬಲ್ಲದು. ಅದನ್ನು ಮದರ್‌ಬೋರ್ಡಿಗೆ ಸೇರಿಸುವ ಪಿಸಿಐ ಎಕ್ಸ್‌ಪ್ರೆಸ್ ಮೂರನೆಯ ಪೀಳಿಗೆಯ ಕಿಂಡಿಯಲ್ಲಿ 16 ಪಥಗಳಿದ್ದು, ಪಥಕ್ಕೆ ಸೆಕೆಂಡಿಗೆ ಸುಮಾರು 1 ಗಿಗಾಬೈಟ್. ಅಂದರೆ ಒಳಗಿನ ದಾರಿಯ ಇಪ್ಪತ್ತನೇ ಒಂದು ಭಾಗ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಎರಡನೆಯ ಕಾರ್ಡು ಕೂರಿಸಿದಾಗ ಈ 16 ಪಥಗಳೇ 8 ಮತ್ತು 8 ಎಂದು ಪಾಲಾಗುತ್ತವೆ. ಕೆಲವು ಮದರ್‌ಬೋರ್ಡುಗಳಲ್ಲಿ ಎರಡನೆಯ ಕಿಂಡಿಗೆ ಸಿಗುವುದು ನಾಲ್ಕೇ ಪಥ. ಕಿಂಡಿ ಉದ್ದವಾಗಿ ಕಂಡ ಮಾತ್ರಕ್ಕೆ ಅದರಲ್ಲಿ ಅಷ್ಟೂ ಪಥಗಳಿವೆ ಎಂದು ತಿಳಿಯಬಾರದು.

ಸ್ಮೃತಿಯೂ ಕೂಡಿಕೊಳ್ಳುವುದಿಲ್ಲ. ಎರಡೂ ಕಾರ್ಡುಗಳು ಒಂದೇ ದೃಶ್ಯವನ್ನು ಬಿಡಿಸಬೇಕಾದ್ದರಿಂದ ಎರಡರಲ್ಲೂ ಅದೇ ಮಾಹಿತಿಯ ಪ್ರತಿ ಇರಬೇಕು. ಹಾಗಾಗಿ 8 ಗಿಗಾಬೈಟಿನ ಎರಡು ಕಾರ್ಡುಗಳು ಸೇರಿದರೆ ಆಟಕ್ಕೆ ದೊರೆಯುವುದು 8, 16 ಅಲ್ಲ.

ವಿದ್ಯುತ್ತಿನ ಲೆಕ್ಕ

ಈ ಕಾರ್ಡಿನ ನಿಗದಿತ ಸಾಮರ್ಥ್ಯ 180 ವ್ಯಾಟ್. ಎರಡಕ್ಕೆ 360. ಸಂಸ್ಕಾರಕಕ್ಕೆ 95, ಉಳಿದ ಭಾಗಗಳಿಗೆ 65 ಎಂದುಕೊಂಡರೆ ಒಟ್ಟು 520 ವ್ಯಾಟ್. ಹುಡುಗನ ಕಂಪ್ಯೂಟರಿನಲ್ಲಿದ್ದ ಎಸ್‌ಎಂಪಿಎಸ್ 500 ವ್ಯಾಟಿನದು. ಅಲ್ಲಿಗೇ ಲೆಕ್ಕ ತಪ್ಪಿತು. ಎಸ್‌ಎಂಪಿಎಸ್‌ನ ದಕ್ಷತೆ ಶೇಕಡ 85 ಎಂದಾದರೆ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸುಮಾರು 612 ವ್ಯಾಟ್.

ಇನ್ನೊಂದು ಸಂಗತಿ. ಎಸ್‌ಎಂಪಿಎಸ್ ಬಲ್ಬಿನಂತಲ್ಲ. ವೋಲ್ಟೇಜ್ ಇಳಿದರೂ ಅದು ತನಗೆ ಬೇಕಾದ ಸಾಮರ್ಥ್ಯವನ್ನು ಹಾಗೆಯೇ ಎಳೆಯುತ್ತದೆ. 230 ವೋಲ್ಟ್ ಇದ್ದಾಗ 2.7 ಆಂಪಿಯರ್ ಇದ್ದದ್ದು, ಸಂಜೆ ಹೊತ್ತು 180 ವೋಲ್ಟಿಗೆ ಇಳಿದರೆ 3.4 ಆಂಪಿಯರ್ ಆಗುತ್ತದೆ. ಹಳ್ಳಿಯ ಉದ್ದನೆಯ ತಂತಿಯ ಕೊನೆಯಲ್ಲಿರುವ ಮನೆಗಳವರು ಇದನ್ನು ಗಮನಿಸಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ 600 ವಿ.ಎ. ಯುಪಿಎಸ್ ಕೊಡಬಲ್ಲದ್ದು ಹೆಚ್ಚೆಂದರೆ 360 ವ್ಯಾಟ್ ಆಸುಪಾಸು. ಒಂದೇ ಕಾರ್ಡಿನ ಕಂಪ್ಯೂಟರೂ ಪೂರ್ಣ ಭಾರದಲ್ಲಿ ಇದನ್ನು ಮೀರುತ್ತದೆ. ಎರಡಿದ್ದರೆ ಕರೆಂಟು ಹೋದ ಕ್ಷಣವೇ ಎಲ್ಲವೂ ಆರಿಹೋಗುತ್ತದೆ.

ಕಾರ್ಡಿಗೆ ವಿದ್ಯುತ್ ಹೋಗುವುದು 12 ವೋಲ್ಟಿನಲ್ಲಿ. 180ನ್ನು 12ರಿಂದ ಭಾಗಿಸಿ: 15 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಓದಿದ್ದೀರಿ. ಒಂದು ಕಾರ್ಡಿಗೆಂದು ಕೊಟ್ಟ ತಂತಿಯನ್ನೇ ಕವಲೊಡೆಸಿ ಎರಡಕ್ಕೂ ಕೊಟ್ಟರೆ ಪ್ರವಾಹ ಎರಡರಷ್ಟು, ಶಾಖ ನಾಲ್ಕರಷ್ಟು. ಕನೆಕ್ಟರುಗಳು ಕರಗುವ ಅಪಾಯ ಇಲ್ಲಿದೆ. ಒಂದೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದಲೇ ಪ್ರತ್ಯೇಕ ತಂತಿ ಬರಬೇಕು.

ನಮ್ಮ ಜಿಲ್ಲೆಯ ಚರಿತ್ರೆಯೂ ಇದೇ ನಿಯಮವನ್ನು ಹೇಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದಾಗ ಅದನ್ನು ಹತ್ತಾರು ಸಾವಿರ ವೋಲ್ಟಿನಲ್ಲಿ ಸಾಗಿಸಿದರು. ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಸಾಮರ್ಥ್ಯಕ್ಕೆ ಬೇಕಾದ ಪ್ರವಾಹ ಕಡಿಮೆ, ದಾರಿಯಲ್ಲಿ ಆಗುವ ನಷ್ಟವೂ ಕಡಿಮೆ. ಗ್ರಾಫಿಕ್ಸ್ ಕಾರ್ಡಿನದು ಇದಕ್ಕೆ ತದ್ವಿರುದ್ಧ. ಅದರ ಚಿಪ್ ಕೆಲಸ ಮಾಡುವುದು ಸುಮಾರು 1 ವೋಲ್ಟಿನಲ್ಲಿ. ಹಾಗಾಗಿ ಅಂಗೈಯಗಲದ ಹಲಗೆಯ ಮೇಲೆ ನೂರು ಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯುತ್ತದೆ. ಅದಕ್ಕಾಗಿಯೇ 12 ವೋಲ್ಟನ್ನು ಇಳಿಸುವ ಮಂಡಲಗಳನ್ನು ಚಿಪ್‌ನ ಪಕ್ಕದಲ್ಲೇ ಇಟ್ಟಿರುತ್ತಾರೆ.

ಶಾಖದ ಲೆಕ್ಕ

ಕಂಪ್ಯೂಟರ್ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. 3 ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 27 ಘನಮೀಟರ್ ಗಾಳಿ ಇದೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಬೇಸಿಗೆಯಲ್ಲಿ ಘನಮೀಟರಿಗೆ ಸುಮಾರು 1.05 ಕಿ.ಗ್ರಾಂ. ಒಟ್ಟು 28 ಕಿ.ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 28,500 ಜೌಲ್ ಸಾಕು. 612 ವ್ಯಾಟಿನ ಯಂತ್ರ ಇಷ್ಟನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಗೋಡೆಗಳು ಶಾಖವನ್ನು ಹೀರುವುದರಿಂದ ಉಷ್ಣತೆ ಇಷ್ಟು ಬೇಗ ಏರುವುದಿಲ್ಲ, ನಿಜ. ಆದರೂ ಏಪ್ರಿಲ್ ತಿಂಗಳಿನಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದರ ಅರ್ಥವೇನೆಂದು ಊಹಿಸಬಹುದು.

ಪೆಟ್ಟಿಗೆಯೊಳಗಿನ ಪರಿಸ್ಥಿತಿ ಇನ್ನೂ ಬಿಗಿ. ಒಳಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಹೋಗಬೇಕಾದರೆ, 520 ವ್ಯಾಟಿಗೆ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಹಾಯಬೇಕು. ಒಂದೇ ಕಾರ್ಡಿದ್ದರೆ 32 ಲೀಟರ್ ಸಾಕು. ಎರಡು ಕಾರ್ಡುಗಳು ಒತ್ತಾಗಿ ಕೂತಾಗ ಮೇಲಿನದರ ಫ್ಯಾನಿಗೆ ಸಿಗುವುದು ಕೆಳಗಿನದರ ಬಿಸಿಗಾಳಿ. ಮಿತಿ ಮೀರಿ ಬಿಸಿಯಾದ ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ವೇಗಕ್ಕಾಗಿ ತಂದ ಕಾರ್ಡೇ ಪಕ್ಕದವನ ವೇಗ ಕುಗ್ಗಿಸಿದಂತಾಯಿತು.

ಹಾಗಾದರೆ ಎರಡನೆಯದು ಎಲ್ಲಿ ಉಪಯುಕ್ತ?

ಇಷ್ಟು ಓದಿ ಕೆಲಸ ಹಂಚುವುದೇ ವ್ಯರ್ಥವೆಂದು ತೀರ್ಮಾನಿಸಬೇಡಿ. ನಮ್ಮ ನೆರೆಯ ಬೆಂಗಳೂರಿನಲ್ಲೇ ಇದಕ್ಕೆ ಉತ್ತಮ ನಿದರ್ಶನವಿದೆ. ಎನ್.ಎ.ಎಲ್. ಎಂದು ಪರಿಚಿತವಾದ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ರೂಪಿಸಿದರು. ಅದರಲ್ಲಿದ್ದದ್ದು ನಾಲ್ಕು ಸಾಧಾರಣ ಇಂಟೆಲ್ ಸಂಸ್ಕಾರಕಗಳು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವುದು ಅದರ ಉದ್ದೇಶ. ಅದರ ಮುಂದಿನ ಆವೃತ್ತಿಗಳನ್ನು ಹವಾಮಾನದ ಗಣನೆಗಳಿಗೂ ಬಳಸಿದರು.

ಅಲ್ಲಿ ಹಂಚಿಕೆ ಫಲಿಸಿದ್ದೇಕೆ? ಗಾಳಿಯಿರುವ ಪ್ರದೇಶವನ್ನು ಒಂದೊಂದು ಬದಿಗೆ 100ರಂತೆ 10 ಲಕ್ಷ ಸಣ್ಣ ಘನಗಳಾಗಿ ವಿಂಗಡಿಸಿ, ನಡುವೆ ಸೀಳಿ ಇಬ್ಬರಿಗೆ ಹಂಚಿದೆವೆನ್ನಿ. ಒಬ್ಬರು ಇನ್ನೊಬ್ಬರಿಗೆ ತಿಳಿಸಬೇಕಾದದ್ದು ಸೀಳಿದ ಮುಖದ ಮೇಲಿನ 10 ಸಾವಿರ ಘನಗಳ ಮಾಹಿತಿ ಮಾತ್ರ. ಒಟ್ಟಿನ ಶೇಕಡ 1. ಕೆಲಸ ಗಾತ್ರಕ್ಕೆ ತಕ್ಕಂತೆ, ಮಾತು ಮೇಲ್ಮೈಗೆ ತಕ್ಕಂತೆ. ಮಾತು ಕಡಿಮೆ, ಕೆಲಸ ಹೆಚ್ಚು ಇರುವಲ್ಲಿ ಜೋಡಿ ಯಂತ್ರಗಳು ಗೆಲ್ಲುತ್ತವೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಸಂಸ್ಕಾರಕಗಳೂ ದುಡಿಯುತ್ತಿರುವುದು ಇದೇ ತತ್ತ್ವದ ಮೇಲೆ.

ಮನೆಯ ಕಂಪ್ಯೂಟರಿಗೂ ಇದು ಅನ್ವಯಿಸುತ್ತದೆ. ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಅನಿಮೇಷನ್ ತಯಾರಿಸುವಾಗ, ಯಂತ್ರಕಲಿಕೆಯಲ್ಲಿ ಉದಾಹರಣೆಗಳನ್ನು ಪಾಲು ಮಾಡಿ ಕಲಿಸುವಾಗ ಎರಡನೆಯ ಕಾರ್ಡು ಚೆನ್ನಾಗಿ ದುಡಿಯುತ್ತದೆ. ಜೋಡಣೆಯ ಸೇತುವೆಯೂ ಬೇಕಿಲ್ಲ. ಇತ್ತೀಚೆಗೆ ಒಂದು ಕಾರ್ಡು ಆಟದ ಫ್ರೇಮ್‌ಗಳನ್ನು ಬಿಡಿಸಿ, ಇನ್ನೊಂದು ಅವುಗಳ ನಡುವೆ ಸೇರಿಸುವ ಫ್ರೇಮ್‌ಗಳನ್ನು ಊಹಿಸಿ ರಚಿಸುವ ತಂತ್ರಾಂಶಗಳೂ ಬಂದಿವೆ. ಅವುಗಳಿಂದ ಚಲನೆ ನಯವಾಗಿ ಕಾಣುತ್ತದೆ. ಗುಂಡಿ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ.

ನೀವೇ ಮಾಡಿ ನೋಡಿ

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಒಂದೇ ದೃಶ್ಯದಲ್ಲಿ ನಿಂತು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಎಂದು ಬರೆದುಕೊಳ್ಳಿ. ಫ್ರೇಮ್‌ಗಳಿಗೆ ಮಿತಿ ಹಾಕುವ ಆಯ್ಕೆ ಇದ್ದರೆ ಮೊದಲು ಅದನ್ನು ತೆಗೆದುಹಾಕಿ. ಅನಂತರ ಚುಕ್ಕಿಗಳ ಸಂಖ್ಯೆಯನ್ನು 1920 × 1080ರಿಂದ 1280 × 720ಕ್ಕೆ ಇಳಿಸಿ ಮತ್ತೆ ಅಳೆಯಿರಿ. ಈಗ ಕಾರ್ಡು ಬಿಡಿಸಬೇಕಾದ ಚುಕ್ಕಿಗಳು ಅರ್ಧಕ್ಕಿಂತ ಕಡಿಮೆ. ಸಂಸ್ಕಾರಕದ ಕೆಲಸ ಬಹುಮಟ್ಟಿಗೆ ಮೊದಲಿನಷ್ಟೇ. ಫ್ರೇಮ್‌ಗಳು ಗಣನೀಯವಾಗಿ ಹೆಚ್ಚಿದರೆ ನಿಧಾನವಿದ್ದದ್ದು ಕಾರ್ಡು. ಹೆಚ್ಚದಿದ್ದರೆ ನಿಧಾನವಿರುವುದು ಸಂಸ್ಕಾರಕ. ಎಷ್ಟು ಕಾರ್ಡು ತಂದರೂ ಪ್ರಯೋಜನವಿಲ್ಲ.

ಆ ಸಂಜೆಯೇ ಹುಡುಗ ತನ್ನ ಮನೆಯಲ್ಲಿ ಇದನ್ನು ಮಾಡಿ ಫೋನ್ ಮಾಡಿದ. ಅವನು ಹೆಚ್ಚಾಗಿ ಆಡುವ ಆಟದಲ್ಲಿ ಫ್ರೇಮ್‌ಗಳ ಸಂಖ್ಯೆ ಬಹುತೇಕ ಬದಲಾಗಿರಲಿಲ್ಲ. "ಹಾಗಾದ್ರೆ ತಪ್ಪು ಸಂಸ್ಕಾರಕದ್ದು ಸರ್" ಎಂದ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಫ್ಯಾನುಗಳನ್ನು ನೋಡು ಎಂದೆ. ರೆಕ್ಕೆಗಳ ಮೇಲೆ ಕೆಂಪು ಧೂಳು ಬೆರಳಿನಲ್ಲಿ ಗೀರುವಷ್ಟು ದಪ್ಪ ಕೂತಿತ್ತಂತೆ. ಪ್ಲಗ್ ಕಿತ್ತು, ಫ್ಯಾನು ತಿರುಗದಂತೆ ಹಿಡಿದು, ಮೆತ್ತನೆಯ ಕುಂಚದಿಂದ ಅದನ್ನೆಲ್ಲ ತೆಗೆದ ಮೇಲೆ ಅರ್ಧ ಗಂಟೆ ಆಡಿದರೂ ಆಟ ಮೊದಲಿನಂತೆ ತಡವರಿಸಲಿಲ್ಲ ಎಂದು ತಿಳಿಸಿದ. ಅಪ್ಪನ ದುಡ್ಡು ಸದ್ಯಕ್ಕೆ ಅಪ್ಪನ ಬಳಿಯೇ ಇದೆ.

ಶಿಕ್ಷಕರಿಗೆ ಒಂದು ಸೂಚನೆ. ಶಾಲೆಯ ಕಂಪ್ಯೂಟರೊಂದರ ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ವಿದ್ಯಾರ್ಥಿಗಳಿಂದ ಓದಿಸಿ, 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಲು ಹೇಳಿ. ಮೇಲಿನ ಎರಡು ಕಾರ್ಡುಗಳಿಗೆ ಬೇಕಾದ 30 ಆಂಪಿಯರನ್ನು ಅದು ಕೊಡಬಲ್ಲದೇ? ದಿನಕ್ಕೆ ಮೂರು ಗಂಟೆಯಂತೆ ಎರಡನೆಯ ಕಾರ್ಡೊಂದೇ ತಿಂಗಳಿಗೆ ಎಷ್ಟು ಯೂನಿಟ್ ಖರ್ಚು ಮಾಡುತ್ತದೆ? ದಕ್ಷತೆಯನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ ಸುಮಾರು 19 ಬರಬೇಕು. ಬಾರದಿದ್ದರೆ ಎಲ್ಲಿ ತಪ್ಪಿದೆ ಎಂದು ಅವರೇ ಹುಡುಕಲಿ.